ಮಾತು ಜಾಸ್ತಿ ಇರುವವರಿಗೆ ಯಾವ ಆ್ಯಪ್ ಸರಿ?

ಫಾಲೋವರ್ಸ್ ಆಸೆಯನ್ನು ಮೊದಲು ಬಿಡಿ. "ಟೆಸ್ಟ್ ತೆಗೊಂಡೆ, ಎಕ್ಸ್‌ಟ್ರೋವರ್ಟ್ ಅಂತ ಬಂತು. ಕೆಲಸಕ್ಕೆ ಹೊರಗಿನಿಂದ ಮಣಿಪಾಲಕ್ಕೆ ಬಂದಿದ್ದೇನೆ. ದಿನಾ ಸ್ಟೇಟಸ್ ಹಾಕುತ್ತೇನೆ, ಲೈಕ್ ಬರುತ್ತದೆ, ರಾತ್ರಿ ರೂಮಿನಲ್ಲಿ ಒಬ್ಬಳೇ. ನನ್ನಂಥವರಿಗೆ ಯಾವ ಆ್ಯಪ್ ಸರಿ, ಫಾಲೋವರ್ಸ್ ಹೆಚ್ಚಿಸುವುದು ಹೇಗೆ" ಎಂದು ಕೇಳಿದ್ದೀರಿ. ಕೆಲವು ವರ್ಷದ ಹಿಂದೆ ನಾನೇ ಬರೆದ ಹಾಗೆ ಉಂಟು. ಅದಕ್ಕೆ ನನಗಾದದ್ದನ್ನು ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ನಾನು ಉಡುಪಿಯವಳು. ಕಾರ್ಕಳದಲ್ಲಿ ಬಸ್ ಹತ್ತಿದರೆ ಉಡುಪಿಯಲ್ಲಿ ಇಳಿಯುವಷ್ಟರಲ್ಲಿ ಪಕ್ಕದ ಸೀಟಿನವರು ಮಗಳಿಗೆ ಗಂಡು ಹುಡುಕುತ್ತಿದ್ದಾರೆ ಎಂಬುದು ಗೊತ್ತಾಗಿರುತ್ತದೆ, ಅವರ ನಂಬರೂ ಸೇವ್ ಆಗಿರುತ್ತದೆ. ನನ್ನ ಗೆಳತಿ ಒಬ್ಬಳಿದ್ದಾಳೆ, ನನಗೆ ಪೂರ್ತಿ ಉಲ್ಟಾ. ಬ್ಲೌಸ್ ಹೊಲಿಯುವುದು, ಆರಿ ವರ್ಕ್ (ಕೊಕ್ಕೆ ಸೂಜಿಯ ಕಸೂತಿ) ಮಾಡುವುದು ಅವಳ ಕೆಲಸ. ಅಳತೆ ತೆಗೆಯುವಾಗ ನಾಲ್ಕು ಮಾತಾಡಿದರೆ ಹೆಚ್ಚು. ಆದರೆ ಅವಳು ಹೊಲಿದ ಬ್ಲೌಸ್ ಆಲ್ಟರೇಶನ್‌ಗೆ ವಾಪಸ್ ಬಂದದ್ದು ನಾನು ನೋಡಿಲ್ಲ. ಆಗ ಪೇಟೆಯ ಒಂದು ಟೈಲರಿಂಗ್ ಅಂಗಡಿಯಲ್ಲಿ ದುಡಿಯುತ್ತಿದ್ದಳು. ಇಬ್ಬರೂ ಸೇರಿ ಸ್ವಂತದ್ದು ಹಾಕುವ ಎಂದು ಮಾತಾಯಿತು. ಮಿಷನ್ ಅವಳದ್ದು, ಗಿರಾಕಿಗಳನ್ನು ನೋಡಿಕೊಳ್ಳುವುದು ನನ್ನದು.

ಕುಂಜಿಬೆಟ್ಟು ಕಡೆ ಒಂದು ರೂಮ್ ಸಿಕ್ಕಿತು. ಬಾಡಿಗೆ ನಮ್ಮ ಕೈಗೆ ಎಟಕುವಂಥದ್ದು. ಮಾಲೀಕರು ಬಾಯಿಮಾತಿನಲ್ಲಿ ಆಯಿತು ಎಂದರು. ಅಡ್ವಾನ್ಸ್ ಮಾತ್ರ ಕೊಡಲಿಲ್ಲ, ಯಾಕೆಂದರೆ ಅದು ಆಟಿ. ನೀವು ಹೊರಗಿನವರಲ್ವಾ, ಅದಕ್ಕೆ ಹೇಳುತ್ತೇನೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ ತುಳುವರಿಗೆ ಆಟಿ ತಿಂಗಳು. ಮದುವೆ, ಗೃಹಪ್ರವೇಶ, ಹೊಸ ಅಂಗಡಿ ಯಾವುದೂ ಇಲ್ಲ. ಹೊಲಿಗೆಯವರಿಗೂ ಆಗ ಕೆಲಸ ಕಡಿಮೆ. ಆಟಿ ಕಳೆದು ಅದರ ಮುಂದಿನ ತಿಂಗಳು ಸೋಣ ಬಂದ ಕೂಡಲೇ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಳ್ಳುವುದು ಎಂದು ನಿಶ್ಚಯ ಮಾಡಿದೆವು. ಅಷ್ಟು ದಿನ ಯಾರಿಗೂ ಹೇಳುವುದು ಬೇಡ ಎಂದಳು ಗೆಳತಿ. ನಾನೂ ಹೂಂ ಎಂದೆ.

ಒಂದು ಸಂಜೆ ಮಳೆ ಬಿಟ್ಟಿತ್ತು. ಆ ರೂಮಿನ ಎದುರು ಗಾಡಿ ನಿಲ್ಲಿಸಿ ಒಂದು ಫೋಟೋ ತೆಗೆದೆ. ಮುಚ್ಚಿದ ಶಟರ್, ಅದರ ಮೇಲೆ ಹಳೇ ಬೋರ್ಡ್ ಇದ್ದ ಜಾಗದಲ್ಲಿ ಗೋಡೆ ಬೆಳ್ಳಗೆ ಉಳಿದ ಗುರುತು. ರಾತ್ರಿ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದೆ. "ಸೋಣದಲ್ಲಿ ಸಿಗುವ! ಎಲ್ಲಿ ಅಂತ ಹೇಳಿ ನೋಡುವ?" ಎಂದು ಬರೆದೆ. ಹೆಸರಿಲ್ಲ, ಊರಿಲ್ಲ, ಇದರಿಂದ ಎಂತ ಆಗುತ್ತದೆ ಎಂದು ನನ್ನ ಲೆಕ್ಕ. ಫೋಟೋದ ಮೂಲೆಯಲ್ಲಿ ಜೀಗುಜ್ಜೆ (ಬ್ರೆಡ್‌ಫ್ರೂಟ್) ಮರದ ಒಂದು ಕೊಂಬೆ ಬಂದಿತ್ತು, ಸೀಳು ಸೀಳಾದ ದೊಡ್ಡ ಎಲೆ. ಆ ರಸ್ತೆಯಲ್ಲಿ ಶಟರ್‌ಗೆ ತಾಗಿ ಜೀಗುಜ್ಜೆ ಮರ ಇರುವುದು ಒಂದೇ ಕಡೆ. ಅಲ್ಲಿ ಓಡಾಡುವವರಿಗೆಲ್ಲ ಅದು ವಿಳಾಸ ಬರೆದಷ್ಟೇ ಸ್ಪಷ್ಟ.

ಫೋಟೋಕ್ಕಿಂತ ಜಾಸ್ತಿ ಕೆಡಿಸಿದ್ದು ಆಮೇಲಿನ ಉತ್ತರಗಳು. ಸ್ಟೇಟಸ್ ನೋಡಿ ಒಬ್ಬೊಬ್ಬರೇ ಮೆಸೇಜ್ ಮಾಡಿದರು. ಯಾರಿಗೂ ಉತ್ತರ ಕೊಡದೆ ಬಿಡುವ ಅಭ್ಯಾಸ ನನಗಿಲ್ಲ. ಒಬ್ಬರಿಗೆ "ಕುಂಜಿಬೆಟ್ಟು ಹತ್ತಿರ" ಎಂದೆ. ಇನ್ನೊಬ್ಬರಿಗೆ "ಬ್ಲೌಸ್, ಆರಿ ವರ್ಕ್" ಎಂದೆ. ಚಿಕ್ಕಮ್ಮನಿಗೆ ಬಾಡಿಗೆ ಎಷ್ಟು ಎಂದು ಹೇಳಿದೆ. ಕಾಲೇಜಿನ ಒಬ್ಬಳಿಗೆ "ಆಟಿ ಮುಗಿಯಲಿ, ಆಮೇಲೆ ಅಗ್ರಿಮೆಂಟ್" ಎಂದೆ. ಒಬ್ಬೊಬ್ಬರಿಗೂ ಒಂದೊಂದು ಚೂರು. ಎಲ್ಲ ಚೂರು ಸೇರಿದರೆ ಪೂರ್ತಿ ವ್ಯವಹಾರ ಹೊರಗೆ ಬಂತು. ಮುಖ್ಯವಾಗಿ, ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ಎಂಬ ಸಂಗತಿ.

ಎರಡು ಮೂರು ದಿನದಲ್ಲಿ ಮಾಲೀಕರ ಫೋನ್ ಬಂತು. ಬೇರೆ ಪಾರ್ಟಿ ಬಂದು ಹೆಚ್ಚಿಗೆ ಅಡ್ವಾನ್ಸ್ ಕೊಟ್ಟು ಹೋಗಿದ್ದಾರೆ, ಅವರಿಗೆ ಆಟಿ ಲೆಕ್ಕ ಇಲ್ಲವಂತೆ. ಅವರೂ ಹೊಲಿಗೆಯವರೇ. ಅದೇ ಹೊತ್ತಿಗೆ ಗೆಳತಿ ದುಡಿಯುವ ಅಂಗಡಿಗೂ ಸುದ್ದಿ ಮುಟ್ಟಿತು. ಬಿಟ್ಟು ಹೋಗುವವಳಿಗೆ ಯಾಕೆ ಎಂದು ಮುಂದಿನ ಸೀಸನ್ನಿನ ಮದುವೆ ಆರ್ಡರ್‌ಗಳನ್ನು ಬೇರೆಯವರ ಕೈಗೆ ಕೊಟ್ಟರು. ರೂಮೂ ಇಲ್ಲ, ಆರ್ಡರೂ ಇಲ್ಲ. ನನ್ನ ಸ್ಟೇಟಸ್‌ನ ಸ್ಕ್ರೀನ್‌ಶಾಟ್ ಅವಳಿಗೆ ಅವಳ ನಾದಿನಿಯಿಂದಲೇ ಬಂದಿತ್ತು, "ಇದು ನಿಮ್ಮದಾ?" ಎಂದು. ಅವಳು ಅದನ್ನು ನನಗೆ ತೋರಿಸಿ "ನನ್ನನ್ನು ಒಂದು ಮಾತು ಕೇಳಬೇಕಿತ್ತು ಮಾರಾಯ್ತಿ" ಎಂದಳು. ಬೈಯಲಿಲ್ಲ. ತುಂಬಾ ದಿನ ಮತ್ತೆ ಫೋನೂ ಮಾಡಲಿಲ್ಲ.

ಇದರಲ್ಲಿ ತಪ್ಪು ಯಾವುದು ಎಂದು ನಾನು ತುಂಬಾ ಯೋಚಿಸಿದ್ದೇನೆ. "ಗುಟ್ಟು ಬಿಟ್ಟುಕೊಟ್ಟೆ" ಎಂದರೆ ಅರ್ಧ ಮಾತ್ರ ಹೇಳಿದ ಹಾಗೆ. ನಾವು ಮಾತಾಡುತ್ತಾ ಯೋಚಿಸುವ ಜನ. ಬೇರೆಯವರು ಒಳಗೇ ಯೋಚಿಸಿ ಕೊನೆಗೆ ಬಾಯಿ ತೆರೆಯುತ್ತಾರೆ, ನಮಗೆ ಬಾಯಿ ತೆರೆದ ಮೇಲೆಯೇ ಯೋಚನೆ ಶುರುವಾಗುವುದು. ಆ ಸಂಜೆ ನನಗೆ ಖುಷಿಯಷ್ಟೇ ಹೆದರಿಕೆಯೂ ಇತ್ತು. ಅಂಗಡಿ ನಡೆಯುತ್ತದಾ, ಇಲ್ಲವಾ? ಯಾರಾದರೂ "ಒಳ್ಳೇದಾಗ್ತದೆ" ಎನ್ನಬೇಕಿತ್ತು. ಪಕ್ಕದ ಮನೆಯ ಅಕ್ಕನ ಹತ್ತಿರ ಹೋಗಿ ಹೇಳಿದ್ದರೆ ಅವರು ಹುಬ್ಬು ಮೇಲೆ ಮಾಡಿ "ಅಗ್ರಿಮೆಂಟ್ ಆಯ್ತಾ?" ಎಂದು ಕೇಳುತ್ತಿದ್ದರು. ಆ ಹುಬ್ಬು ನೋಡಿದರೆ ಸಾಕು, ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ. ನಮ್ಮ ಮಾತಿಗೆ ಬ್ರೇಕ್ ಇರುವುದು ಎದುರಿನವರ ಮುಖದಲ್ಲಿ. ಸ್ಟೇಟಸ್‌ಗೆ ಮುಖ ಇಲ್ಲ. ಅರ್ಧ ಯೋಚನೆಯನ್ನು ಅಲ್ಲಿ ಹಾಕಿದರೆ ಅದೇ ಕೊನೆಯ ತೀರ್ಮಾನದ ಹಾಗೆ ಹೊರಗೆ ಕಾಣುತ್ತದೆ.

ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ. ನೀವು ಬದಲಾಯಿಸದಿದ್ದರೆ ಸ್ಟೇಟಸ್ ನೀವು ಸೇವ್ ಮಾಡಿದ, ನಿಮ್ಮನ್ನೂ ಸೇವ್ ಮಾಡಿದ ಎಲ್ಲರಿಗೂ ಕಾಣುತ್ತದೆ. ನನ್ನ ಗೆಳತಿಗೆ ಎಲ್ಲರೂ ಎಂದರೆ ಮನೆಯವರು ಮತ್ತು ಕೆಲವು ಗಿರಾಕಿಗಳು. ನನ್ನ ಫೋನಿನಲ್ಲಿ ಮೀನಿನವರು, ರಿಕ್ಷಾದವರು, ಮದುವೆ ಹಾಲ್‌ನಲ್ಲಿ ಸಿಕ್ಕವರು, ಬಸ್ಸಿನಲ್ಲಿ ಸಿಕ್ಕವರು ಎಲ್ಲರೂ ಇದ್ದಾರೆ. ಅದೇ ಬಟನ್ ಒತ್ತಿದರೂ ಅವಳದ್ದು ಮನೆ ಜಗಲಿಯ ಮಾತು, ನನ್ನದು ರಥಬೀದಿಯಲ್ಲಿ ಮೈಕ್ ಹಿಡಿದ ಮಾತು. ಯಾರು ನೋಡಿದ್ದಾರೆ ಎಂಬ ಪಟ್ಟಿಯನ್ನೂ ನಂಬಬೇಡಿ. ರೀಡ್ ರಿಸೀಟ್ (ನೀಲಿ ಟಿಕ್) ಆಫ್ ಮಾಡಿದವರು ಅದರಲ್ಲಿ ಕಾಣುವುದಿಲ್ಲ. 24 ಗಂಟೆಯಲ್ಲಿ ಸ್ಟೇಟಸ್ ಹೋಗಬಹುದು, ಸ್ಕ್ರೀನ್‌ಶಾಟ್ ಹೋಗುವುದಿಲ್ಲ.

ಈಗ ನಿಮ್ಮ ಟೆಸ್ಟ್ ವಿಷಯ. ಬಹಿರ್ಮುಖಿ (ಎಕ್ಸ್‌ಟ್ರೋವರ್ಟ್), ಅಂತರ್ಮುಖಿ (ಇಂಟ್ರೋವರ್ಟ್) ಎಂಬ ಎರಡು ವಿಧಗಳನ್ನು 1921ರಲ್ಲಿ ವಿವರಿಸಿದ್ದು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್. ಅಮೆರಿಕದ ತಾಯಿ ಮಗಳು ಕ್ಯಾಥರಿನ್ ಬ್ರಿಗ್ಸ್ ಮತ್ತು ಇಸಾಬೆಲ್ ಮೈಯರ್ಸ್ ಅದನ್ನು ಹಿಡಿದು, ಉತ್ತರ ನಾಲ್ಕು ಅಕ್ಷರದಲ್ಲಿ ಬರುವ ಟೆಸ್ಟ್ (ಎಂಬಿಟಿಐ) ಮಾಡಿದರು. ಈಗ ಮನಶ್ಶಾಸ್ತ್ರದವರು ಹೆಚ್ಚಾಗಿ ನೋಡುವುದು ಐದು ಗುಣಗಳ ಅಳತೆಯನ್ನು. ಅದರಲ್ಲಿ ಬಹಿರ್ಮುಖತೆ ಹೆಚ್ಚು ಕಡಿಮೆ ಆಗುವ ಒಂದು ಅಳತೆ. ಹೆಚ್ಚಿನವರು ನಡುವಿನಲ್ಲಿ ಎಲ್ಲೋ ಇರುತ್ತಾರೆ. ಆದ್ದರಿಂದ ಆ ಅಕ್ಷರಗಳನ್ನು ಜಾತಕದ ಹಾಗೆ ಹಿಡಿದುಕೊಂಡು "ನನ್ನಂಥವರಿಗೆ ಯಾವ ಆ್ಯಪ್" ಎಂದು ಹುಡುಕಬೇಡಿ. ನಿಮಗೆ ಜನ ಬೇಕು, ಅಷ್ಟು ಗೊತ್ತಾದರೆ ಸಾಕು. ಲೈಕ್ ಒತ್ತಿದವರು ನಿಮ್ಮ ರೂಮಿಗೆ ಬರುವುದಿಲ್ಲ. ಸಾವಿರ ಫಾಲೋವರ್ಸ್ ಆದರೂ ನಿಮ್ಮ ರಾತ್ರಿ ಈಗಿನ ಹಾಗೆಯೇ ಇರುತ್ತದೆ. ಇದನ್ನು ಖಡಾಖಂಡಿತ ಹೇಳುತ್ತೇನೆ.

ಫೇಸ್‌ಬುಕ್ 5,000 ಫ್ರೆಂಡ್ಸ್ ತನಕ ಬಿಡುತ್ತದೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ 1,024 ಜನ ಇರಬಹುದು. ಬ್ರಿಟನ್ನಿನ ರಾಬಿನ್ ಡನ್‌ಬರ್ ಎಂಬ ವಿಜ್ಞಾನಿ 1990ರ ದಶಕದ ಶುರುವಿನಲ್ಲಿ ಹೇಳಿದ್ದು, ಒಬ್ಬ ಮನುಷ್ಯ ನಿಜವಾಗಿ ಇಟ್ಟುಕೊಳ್ಳಬಹುದಾದ ಸಂಬಂಧಗಳು ಸುಮಾರು 150 ಎಂದು. ಆ ಲೆಕ್ಕದ ಬಗ್ಗೆ ವಾದ ಉಂಟು, ಇರಲಿ. ಕಷ್ಟಕಾಲಕ್ಕೆ ಫೋನ್ ಮಾಡಬಹುದಾದವರನ್ನು ಎಣಿಸಿ ನೋಡಿ, ಅದರ ಹತ್ತಿರವೂ ಹೋಗುವುದಿಲ್ಲ. ಆ ಜನಕ್ಕಾಗಿ ಫೋನ್ ಬಳಸಿ.

ಬಳಸುವುದು ಹೇಗೆ ಎಂದರೆ, ಜನರನ್ನು ಎದುರಿಗೆ ತರುವುದಕ್ಕೆ. "ಬೋರ್ ಆಗ್ತಿದೆ" ಎಂದು ಸ್ಟೇಟಸ್ ಹಾಕಿದರೆ ಹತ್ತು ಇಮೋಜಿ ಬರುತ್ತದೆ, ಜನ ಬರುವುದಿಲ್ಲ. ದಿನ, ಹೊತ್ತು, ಜಾಗ ಮೂರನ್ನೂ ಬರೆದರೆ ಒಬ್ಬರಾದರೂ ಬರುತ್ತಾರೆ. ಮಳೆಗಾಲ ಮುಗಿದ ಮೇಲೆ, ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆ ತನಕ ಯಕ್ಷಗಾನ ಮೇಳಗಳ ತಿರುಗಾಟ ಇರುತ್ತದೆ. ಎಲ್ಲಿ ಬಯಲಾಟ ಎಂಬುದು ಈಗ ವಾಟ್ಸ್‌ಆ್ಯಪ್‌ನಲ್ಲೇ ಬರುತ್ತದೆ. ಬಯಲಾಟಕ್ಕೆ ಟಿಕೆಟ್ ಇಲ್ಲ. ಗುರುತಿಲ್ಲದವರ ಪಕ್ಕದ ಕುರ್ಚಿಯಲ್ಲಿ ಕೂತು "ಈ ವೇಷ ಯಾರದ್ದು?" ಎಂದು ಕೇಳಿ, ಮಾತು ತಾನಾಗಿ ಶುರುವಾಗುತ್ತದೆ. ನಿಮ್ಮಂಥವರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲಿ ಇನ್ನೊಂದಿಲ್ಲ.

ತಲೆಯಲ್ಲಿ ಏನೋ ಕುದಿಯುತ್ತಿದ್ದರೆ ಅದನ್ನು ಒಬ್ಬರಿಗೆ ಹೇಳಿ. 2022ರಿಂದ ವಾಟ್ಸ್‌ಆ್ಯಪ್‌ನಲ್ಲಿ ನಮಗೆ ನಾವೇ ಮೆಸೇಜ್ ಕಳಿಸಿಕೊಳ್ಳಬಹುದು, ಅಲ್ಲಿ ಬರೆದಿಡಿ ಎಂದು ತುಂಬಾ ಜನ ಸಲಹೆ ಕೊಡುತ್ತಾರೆ. ನನಗೆ ಅದು ಹಿಡಿಸಲಿಲ್ಲ. ತಿರುಗಿ ಮಾತಾಡದ ಜಾಗದಲ್ಲಿ ನನಗೆ ಯೋಚನೆ ಬರುವುದೇ ಇಲ್ಲ. ನಾನು ಅತ್ತಿಗೆಗೆ ವಾಯ್ಸ್ ಮೆಸೇಜ್ ಕಳಿಸುತ್ತೇನೆ. ಅವರು ಮಂಗಳೂರಿನಲ್ಲಿ ಕೆಲಸ ಮುಗಿಸಿ ಬಸ್ಸಿನಲ್ಲಿ ಕೂತು ಕೇಳುತ್ತಾರೆ. "ಇದು ಯಾರಿಗೂ ಬೇಡ" ಎಂದರೆ ಬೇಡ. ಅಂಥ ಒಬ್ಬರನ್ನು ಹುಡುಕಿಕೊಳ್ಳಿ, ಸ್ವಲ್ಪ ನಿಧಾನದವರಾದರೆ ಇನ್ನೂ ಒಳ್ಳೇದು.

ಗ್ರೂಪುಗಳಲ್ಲಿ ನೀವೇ ಮೊದಲು ಉತ್ತರ ಕೊಡುತ್ತೀರಿ ಅಲ್ವಾ? ಸ್ವಲ್ಪ ತಡೆದು ನೋಡಿ. ನಾವು ಕೂಡಲೇ ತುಂಬಿಸಿಬಿಟ್ಟರೆ ಮೆಲ್ಲಗೆ ಮಾತಾಡುವವರು ಟೈಪ್ ಮಾಡಿದ್ದನ್ನು ಅಳಿಸಿ ಸುಮ್ಮನಾಗುತ್ತಾರೆ. ಅವರ ಮೌನವನ್ನು ನಾವು ಒಪ್ಪಿಗೆ ಎಂದು ತಿಳಿಯುತ್ತೇವೆ. ಗೆಳತಿಯ ವಿಷಯದಲ್ಲಿ ನಾನು ಮೊದಲಿಂದಲೂ ಹಾಗೆಯೇ ತಿಳಿದಿದ್ದೆ.

ನಮ್ಮ ಸ್ವಭಾವದಿಂದ ಬೇರೆಯವರಿಗೆ ದೊಡ್ಡ ಉಪಕಾರ ಆಗುವುದೂ ಉಂಟು. ಶಂಕರಪುರ ಕಡೆಯ ಒಬ್ಬ ಅಮ್ಮ ಮಲ್ಲಿಗೆ ಬೆಳೆಯುತ್ತಾರೆ, ಅದರ ದರ ದಿನಾ ಬದಲಾಗುತ್ತದೆ. ಮದುವೆ ಮನೆಯವರು ನನ್ನನ್ನು ಕೇಳಿದರೆ ನೇರ ಅವರ ನಂಬರ್ ಕೊಡುತ್ತೇನೆ. ಗೆಳತಿಗೂ ಈಗ ಸ್ವಂತ ಅಂಗಡಿ ಆಗಿದೆ, ಬೇರೆ ಕಡೆ. ನಾನು ಪಾಲುದಾರಳಲ್ಲ. ಮಾತು ಮತ್ತೆ ಶುರುವಾಗಿದೆ, ನಾನೇ ಮನೆಗೆ ಹೋಗಿ ಕೂತು ಮಾತಾಡಿದ ಮೇಲೆ. ಅವಳ ಆರಿ ವರ್ಕ್ ಫೋಟೋಗಳನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುವುದು ನಾನು. ಪ್ರತಿ ಫೋಟೋ ಮೊದಲು ಅವಳಿಗೆ ಹೋಗುತ್ತದೆ. "ಹಾಕು" ಎಂದರೆ ಹಾಕುತ್ತೇನೆ, "ಬೇಡ" ಎಂದರೆ ಕಾರಣ ಕೇಳುವುದಿಲ್ಲ. ಇನ್‌ಸ್ಟಾಗ್ರಾಮ್ ನಿಮಗೆ ಬೇಕೇಬೇಕು ಎಂದರೆ ಹೀಗೆ ಯಾರದ್ದಾದರೂ ಕೆಲಸಕ್ಕೆ ಬಳಸಿ. ಅಲ್ಲಿ ನಿಮ್ಮ ಉತ್ಸಾಹಕ್ಕೆ ಬೆಲೆ ಉಂಟು.

ಇವತ್ತು ಮಾಡಬೇಕಾದದ್ದು ಹೇಳುತ್ತೇನೆ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿಗೆ ಹೋಗಿ, ಸ್ಟೇಟಸ್ ಯಾರಿಗೆ ಕಾಣಬೇಕು ಎಂಬಲ್ಲಿ ನಿಮ್ಮವರನ್ನು ಮಾತ್ರ ಆರಿಸಿ. ಆಮೇಲೆ ಆಫೀಸಿನ ನಾಲ್ಕೈದು ಜನಕ್ಕೆ ಬೇರೆ ಬೇರೆಯಾಗಿ ಬರೆಯಿರಿ. "ಶನಿವಾರ ಸಂಜೆ 5ಕ್ಕೆ ಎಂಡ್ ಪಾಯಿಂಟ್ ಪಾರ್ಕ್‌ಗೆ ಹೋಗ್ತಿದ್ದೇನೆ, ಬರ್ತೀರಾ?" ಗ್ರೂಪಿಗೆ ಹಾಕಬೇಡಿ, ಅಲ್ಲಿ ಎಲ್ಲರೂ ಬೇರೆಯವರು ಹೇಳಲಿ ಎಂದು ಕಾಯುತ್ತಾರೆ. ಒಬ್ಬರು ಬಂದರೂ ಹೋಗಿ. ಅವರ ಫೋಟೋ ಎಲ್ಲಿಗಾದರೂ ಹಾಕುವುದಿದ್ದರೆ ಅವರನ್ನು ಕೇಳಿ ಹಾಕಿ.