ಮಲಗುವ ಹೊತ್ತು ಅಂದ್ರೆ ಎಷ್ಟು ಗಂಟೆ?

ಪ್ರಶ್ನೆ: ಯಹೂದಿಗಳಿಗೆ ತೋರಾ ಇದೆಯಲ್ಲ, ಮತ್ತೆ ಈ ಮಿಶ್ನಾ, ತಾಲ್ಮುದ್ ಯಾಕೆ ಬೇಕಾಯ್ತು?
(ಓದುಗರೊಬ್ಬರು, ಗದಗ)

ಉತ್ತರ: ಯಹೂದಿಗಳ ಮೂಲ ಧರ್ಮಗ್ರಂಥ ತೋರಾದಲ್ಲಿ ‘ಮಲಗುವಾಗ, ಏಳುವಾಗ ಈ ಮಾತು ಹೇಳು’ ಅಂತಿದೆ. ಹಾಗೆ ಹೇಳುವ ಪ್ರಾರ್ಥನೆಯೇ ಶೆಮಾ. ಸರಿ, ಆದರೆ ಮಲಗುವಾಗ ಅಂದ್ರೆ ಎಷ್ಟು ಹೊತ್ತಿಗೆ? ಗುರುಗಳ ಪಾಠಗಳ ಸಂಗ್ರಹವಾದ ಮಿಶ್ನಾ ಶುರುವಾಗುವುದೇ ಈ ಜಗ್ಗಾಟದಿಂದ. ಮೊದಲ ಜಾವ ಮುಗಿಯುವವರೆಗೆ ಅಂತ ರಬ್ಬಿ (ಅಂದ್ರೆ ಗುರು) ಎಲಿಯೇಜರ್, ನಡುರಾತ್ರಿವರೆಗೆ ಅಂತ ಉಳಿದ ಪಂಡಿತರು, ಬೆಳಗು ಹರಿಯುವವರೆಗೂ ನಡೆಯುತ್ತದೆ ಅಂತ ಗಮಲಿಯೇಲ್. ಈ ಗಮಲಿಯೇಲರ ಮಕ್ಕಳು ಒಮ್ಮೆ ಔತಣ ಮುಗಿಸಿ ತಡವಾಗಿ ಬಂದು, ಶೆಮಾ ಹೇಳಲೇ ಇಲ್ಲ ಅಂದರಂತೆ. ಇನ್ನೂ ಬೆಳಗಾಗಿಲ್ಲವಲ್ಲ, ಈಗಲೇ ಹೇಳಿ ಅಂದರು ಅಪ್ಪ. ಹಾನಗಲ್ಲಿನ ಮದುವೆ ಮುಗಿಸಿ ಸರಿರಾತ್ರಿ ಹುಬ್ಬಳ್ಳಿ ಬಸ್ ಇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ!

ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದರು. ಅಲ್ಲಿಂದಾಚೆ ಗುರುಗಳ ಪಾಠವೇ ಆಸರೆ. ಬಾಯಿಂದ ಬಾಯಿಗೆ ಬಂದ ಇಂಥ ಮಾತುಗಳನ್ನು ಸುಮಾರು 200ರ ಹೊತ್ತಿಗೆ ಗಲಿಲಾಯದಲ್ಲಿ ರಬ್ಬಿ ಯೆಹೂದಾ ಹನಾಸಿ ಒಟ್ಟುಮಾಡಿದರು. ಅದೇ ಮಿಶ್ನಾ, 6 ಭಾಗ, 63 ಪ್ರಕರಣ, ಹೀಬ್ರೂ ಭಾಷೆ. ಅದರ ಮೇಲೆ ಮುಂದೆ ನಡೆದ ಚರ್ಚೆ ಸೇರಿದ್ದೇ ತಾಲ್ಮುದ್. ಅದೂ ಎರಡಿದೆ, ಜೆರುಸಲೇಮಿನದು ಒಂದು, ಬ್ಯಾಬಿಲೋನಿನದು ಇನ್ನೊಂದು, ಎರಡನೆಯದನ್ನೇ ಜಾಸ್ತಿ ಓದುತ್ತಾರೆ. ವಾದದಲ್ಲಿ ಸೋತವರ ಮಾತನ್ನೂ ಎಷ್ಟೋ ಕಡೆ ಹೆಸರು ಸಮೇತ ಉಳಿಸಿಕೊಂಡಿದ್ದಾರೆ, ನನಗಂತೂ ಇದೇ ಇಷ್ಟ.