ನೀರು ಕುಡಿಯೋದು ಬಿಡಬೇಡಿ, ಗಡಿಯಾರ ನೋಡಿ

ಪ್ರಶ್ನೆ: ಹೋದ ವರ್ಷ ನಮ್ಮ ಯಜಮಾನರು ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಸ್ವಾಧೀನವಿಲ್ಲ, ಕೈಗಳು ಚೆನ್ನಾಗಿವೆ. ಆವತ್ತಿನಿಂದ ಪೈಪು, ಯೂರಿನ್ ಬ್ಯಾಗು ಇದೆ. ಈಗ ಡಾಕ್ಟರು ಅದನ್ನು ತೆಗೆದು, ಹೊತ್ತು ಹೊತ್ತಿಗೆ ತಾವೇ ಪೈಪು ಹಾಕಿಕೊಂಡು ಮೂತ್ರ ತೆಗೆಯಲಿ ಅಂತಾರೆ. ಇವರಿಗೆ ಭಯ. ಬಟ್ಟೆ ಒದ್ದೆಯಾಗುತ್ತೆ ಅಂತ ಈಗಲೇ ನೀರು ಕಡಿಮೆ ಮಾಡಿದ್ದಾರೆ. ಮನೆಯಲ್ಲಿ ಹಾಕಿದರೆ ಸೋಂಕು ಆಗಲ್ವಾ?
– ಓದುಗರು, ಗಂಗಾವತಿ

ಉತ್ತರ: ತಂಗೀ, ಮೊದಲು ಅವರಿಗೆ ನೀರು ಕೊಡಿ. ನಮ್ಮ ಕಡೆ ಬಿಸಿಲಿಗೆ ನೀರು ಕುಡಿಯೋದು ಬಿಟ್ಟರೆ ಮೂತ್ರ ಗಟ್ಟಿಯಾಗಿ ಸೋಂಕು, ಕಲ್ಲು ಎರಡಕ್ಕೂ ದಾರಿ. ಡಾಕ್ಟರು ಬೇರೆ ಹೇಳಿರದಿದ್ದರೆ ದಿನಕ್ಕೆ ಸುಮಾರು 2 ಲೀಟರ್, ಒಂದೇ ಸಲ ಚೊಂಬುಗಟ್ಟಲೆ ಅಲ್ಲ, ಸ್ವಲ್ಪ ಸ್ವಲ್ಪ. ರಾತ್ರಿ ಊಟವಾದ ಮೇಲೆ ಕಡಿಮೆ ಮಾಡಲಿ.

ಮೂತ್ರಕೋಶ ತುಂಬಿದೆ ಎಂಬ ಸುದ್ದಿ ಬೆನ್ನುಹುರಿಯ ಮೂಲಕವೇ ಮೆದುಳಿಗೆ ಹೋಗಬೇಕು. ಅವರಿಗೆ ಆ ದಾರಿ ಕಡಿದಿದೆ. ಹಾಗಾಗಿ ಗಡಿಯಾರ ನೋಡಿಯೇ ತೆಗೆಯಬೇಕು: 4ರಿಂದ 6 ಗಂಟೆಗೊಮ್ಮೆ. ಅಳತೆ ಲೋಟದಲ್ಲಿ ಅಳೆಯಿರಿ. ಒಂದು ಸಲಕ್ಕೆ 500 ಮಿಲಿ ದಾಟಿದರೆ ಮುಂದಿನ ಸಲ ಬೇಗ ತೆಗೆಯಲಿ. ತುಂಬಿ ಬಿಗಿದ ಮೂತ್ರಕೋಶದ ಒತ್ತಡ ಕಿಡ್ನಿಗೆ ಏರುತ್ತದೆ. ಹಿಂದೆ ಬೆನ್ನುಹುರಿ ಪೆಟ್ಟಾದವರನ್ನು ಹೆಚ್ಚಾಗಿ ಬಲಿ ತೆಗೆದುಕೊಂಡಿದ್ದು ಕಿಡ್ನಿಯ ತೊಂದರೆಯೇ.

ಮನೆಯಲ್ಲಿ ಆಪರೇಷನ್ ಥಿಯೇಟರಿನಷ್ಟು ಶುದ್ಧಿ ಬೇಕಿಲ್ಲ. 1972ರಲ್ಲಿ ಅಮೆರಿಕದ ಡಾಕ್ಟರ್ ಜ್ಯಾಕ್ ಲ್ಯಾಪಿಡ್ಸ್, ಸೋಪಿನಲ್ಲಿ ತೊಳೆದ ಕೈ ಸಾಕು, ಹೊತ್ತಿಗೆ ಸರಿಯಾಗಿ ಖಾಲಿ ಮಾಡುವುದೇ ಮುಖ್ಯ ಎಂದು ತೋರಿಸಿದರು. ಸದಾ ಒಳಗೇ ಇರುವ ಪೈಪಿಗಿಂತ ಇದರಲ್ಲಿ ಸೋಂಕಿನ ಕಾಟ ಕಡಿಮೆ.

ಮೆಡಿಕಲ್ ಶಾಪಿನಲ್ಲಿ ಕೇಳುವಾಗ ಫೋಲಿ ಅಲ್ಲ, ನೆಲಟಾನ್ ಅನ್ನಿ. ಫೋಲಿಗೆ ಒಳಗೆ ಉಬ್ಬುವ ಬಲೂನ್ ಇರುತ್ತದೆ, ಇವರಿಗೆ ಅದು ಬೇಡ. ಪೈಪಿನ ದಪ್ಪದ ನಂಬರು ಡಾಕ್ಟರು ಬರೆದಷ್ಟೇ ಇರಲಿ. ಪೈಪು ಸಲೀಸಾಗಿ ಜಾರಲು ಜೆಲ್ಲಿ ಧಾರಾಳವಾಗಿ ಹಚ್ಚಲಿ. ಒಳಗೆ ತಡೆದರೆ ಒತ್ತಿ ನೂಕಬಾರದು. ಉಸಿರು ಎಳೆದು ಬಿಡುತ್ತಾ ಒಂದು ಕ್ಷಣ ಕಾಯಲಿ, ದಾರಿ ಬಿಡುತ್ತದೆ. ಬಿಡದಿದ್ದರೆ ಅಲ್ಲಿಗೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಮೂತ್ರ ನಿಂತ ಮೇಲೆ ನಿಧಾನ ಹೊರಗೆ ಎಳೆಯುವಾಗ ಇನ್ನಷ್ಟು ಬರುತ್ತದೆ, ಆತುರ ಬೇಡ. ಪೈಪು ಒಂದೇ ಸಲಕ್ಕೆ. ದುಡ್ಡು ಸಾಲದೆ ತೊಳೆದು ಬಳಸಬೇಕಾದರೆ, ನರ್ಸ್ ಹತ್ತಿರ ವಿಧಾನ ಕಲಿತೇ ಮಾಡಿ.

ಮೂತ್ರ ಸ್ವಲ್ಪ ಮಬ್ಬಾಗಿದೆ, ವಾಸನೆ ಇದೆ ಅಂತ ಸುಮ್ನೆ ಆಂಟಿಬಯೋಟಿಕ್ ನುಂಗಿಸಬೇಡಿ. ಜ್ವರ, ಚಳಿ, ರಕ್ತ, ಕಾಲು ಮೊದಲಿಗಿಂತ ಜಾಸ್ತಿ ಸೆಟೆದುಕೊಳ್ಳುವುದು ಇದ್ದರೆ ಡಾಕ್ಟರಿಗೆ ತೋರಿಸಿ, ಮಾತ್ರೆಗೆ ಮೊದಲು ಮೂತ್ರದ ಕಲ್ಚರ್ (ಯಾವ ರೋಗಾಣು ಎಂದು ನೋಡುವ ಪರೀಕ್ಷೆ) ಮಾಡಿಸಿ. ವರ್ಷಕ್ಕೊಮ್ಮೆ ಕಿಡ್ನಿ ಸ್ಕ್ಯಾನಿಂಗ್ ತಪ್ಪಿಸಬೇಡಿ.

ಎದೆಮಟ್ಟ ಅಥವಾ ಅದಕ್ಕೂ ಮೇಲೆ ಪೆಟ್ಟಾದವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು: ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪಾಗಿ ಬೆವತರೆ ಬಿಪಿ ಏರಿದೆ ಎಂದರ್ಥ. ತಕ್ಷಣ ಎಬ್ಬಿಸಿ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರ ಖಾಲಿ ಮಾಡಿಸಿ. ಇಳಿಯದಿದ್ದರೆ ಆಸ್ಪತ್ರೆಗೆ ಓಡಿ.

ಬಳ್ಳಾರಿಯ ವಾರ್ಡಿನಲ್ಲಿ ನಾನಿದ್ದಾಗ ಸಿರುಗುಪ್ಪ ಕಡೆಯ ಲಾರಿ ಡ್ರೈವರ್ ಒಬ್ಬರು ಕೈ ನಡುಗಿಸುತ್ತಲೇ ಕಲಿತರು. ಆಮೇಲೆ ಪಕ್ಕದ ಬೆಡ್ಡಿನ ಹುಡುಗನಿಗೆ ಅವರೇ ಹೇಳಿಕೊಟ್ಟರು. ನಿಮ್ಮ ಯಜಮಾನರಿಗೂ ಆಗುತ್ತದೆ. ನೀವು ಹಾಕಿಕೊಡಲು ಹೋಗಬೇಡಿ, ಅವರ ಕೈಯಿಂದಲೇ ಆಗಲಿ. ಪೈಪು, ಜೆಲ್ಲಿ, ಸೋಪು, ಅಗಲ ಬಾಯಿಯ ಬಾಟಲಿ ಒಂದು ಚೀಲದಲ್ಲಿದ್ದರೆ ಹೊಸಪೇಟೆಯ ಮದುವೆಗೂ ಹೋಗಿ ಊಟ ಮಾಡಿ ಬರಬಹುದು.
– ನಿವೃತ್ತ ಸ್ಟಾಫ್ ನರ್ಸ್, ಬಳ್ಳಾರಿ