ಬದುವಿನ ಬಿಲ ಹಾಗೇ ಇರಲಿ

ನಾಗಮಂಗಲ ತಾಲ್ಲೂಕಿನ ಓದುಗರೊಬ್ಬರ ಪತ್ರ (ಹೆಸರು ಹಾಕಬೇಡಿ ಎಂದಿದ್ದಾರೆ): "ರಾತ್ರಿ ಕರೆಂಟು ಕೊಟ್ಟಾಗ ಕಬ್ಬಿಗೆ ನೀರು ಕಟ್ಟಲು ಹೋದೆ. ಬದುವಿನ ಹುತ್ತದ ಹತ್ತಿರ ಚಿಪ್ಪುಹಂದಿ ಕಂಡಿತು. ಸುದ್ದಿ ಹರಡಿ, ಬೈಕಿನಲ್ಲಿ ಬಂದವನೊಬ್ಬ ಜೀವಂತ ಹಿಡಿದುಕೊಟ್ಟರೆ ಲಕ್ಷಗಟ್ಟಲೆ ಕೊಡಿಸ್ತೀನಿ ಅಂದ. ಅಳಿಯ ಹಿಡಿದು ಮೇಲುಕೋಟೆ ಕಾಡಿಗೆ ಬಿಟ್ಟುಬರೋಣ ಅಂತಾನೆ. ಪಕ್ಕದ ಹೊಲದವರು ಬದು ಕೆಡಿಸುತ್ತೆ, ಹೊಗೆ ಹಾಕು ಅಂತಾರೆ. ಯಾರ ಮಾತು ಕೇಳಲಿ?"

ಮೂವರದ್ದೂ ಬೇಡ.

ಮೊದಲು ಬೈಕಿನವನ ಲೆಕ್ಕ ನೋಡೋಣ. ನಮ್ಮ ಉಗುರು, ದನದ ಗೊರಸು ಯಾವುದರಿಂದ ಆಗಿವೆಯೋ ಅದೇ ಕೆರಾಟಿನ್‌ನಿಂದ ಚಿಪ್ಪುಹಂದಿಯ ಚಿಪ್ಪೂ ಆಗಿದೆ. ಉಬ್ಬಸಕ್ಕೆ ಮಾಂಸ, ಮೂಲವ್ಯಾಧಿಗೆ ಚಿಪ್ಪು ಎಂಬ ಮಾತಿಗೆ ಪುರಾವೆಯಿಲ್ಲ. ಚಿಪ್ಪಿಗೆ ದೊಡ್ಡ ಗಿರಾಕಿಯಾದ ಚೀನಾ ಕೂಡ 2020ರಲ್ಲಿ ಅದನ್ನು ತನ್ನ ಅಧಿಕೃತ ಔಷಧಕೋಶದ ಕಚ್ಚಾ ಮದ್ದುಗಳ ಪಟ್ಟಿಯಿಂದ ಕೈಬಿಟ್ಟಿತು. ಸಿದ್ಧ ಔಷಧಿಗಳಲ್ಲಿ ಬಳಕೆ ಪೂರ್ತಿ ನಿಂತಿಲ್ಲ, ಕಳ್ಳಪೇಟೆ ಉಳಿದಿರುವುದೂ ಅದಕ್ಕೇ. ಇನ್ನು ಜೀವಂತ ಇದ್ದರೆ ಅದೃಷ್ಟ, ನಿಧಿ ಎಂಬ ಕಥೆ. ಎರಡು ತಲೆ ಹಾವಿಗೂ ನಕ್ಷತ್ರ ಆಮೆಗೂ ಕಟ್ಟಿದ್ದು ಇದೇ ಕಥೆಯನ್ನು. ಆ ಹಾವಿಗೆ ಎರಡು ತಲೆಯೂ ಇಲ್ಲ, ಇರುವುದು ಮೊಂಡು ಬಾಲ.

ಕಾನೂನಿನ ಮಾತು ಇಷ್ಟು. ಚಿಪ್ಪುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಕೊಂದರೆ ಮಾತ್ರ ಬೇಟೆಯಲ್ಲ. ಹಿಡಿಯುವುದು, ಉರುಳು ಹಾಕುವುದು, ಅದಕ್ಕೆ ಪ್ರಯತ್ನಿಸುವುದು ಎಲ್ಲವೂ ಬೇಟೆಯೇ. ಶಿಕ್ಷೆ 3ರಿಂದ 7 ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಸಾಗಿಸಿದ ಗಾಡಿಯೂ ಹೋಗುತ್ತದೆ. ಸಿಕ್ಕಿಬಿದ್ದರೆ ಚೀಲ ಯಾರ ಕೈಯಲ್ಲಿದೆಯೋ ಅವನೇ ಮೊದಲು ಒಳಗೆ ಹೋಗುವವನು; ಲಕ್ಷದ ಮಾತಾಡಿದವನು ಅಷ್ಟು ಹೊತ್ತಿಗೆ ಫೋನ್ ಆಫ್ ಮಾಡಿರುತ್ತಾನೆ. ಅವನು ಮತ್ತೆ ಬಂದರೆ ಬೆಲೆ ಕೇಳಬೇಡಿ, "ನೋಡೋಣ" ಎಂದೂ ಹೇಳಬೇಡಿ. ಬೈಕ್ ನಂಬರ್ ಗುರುತಿಟ್ಟುಕೊಂಡು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಫೋಟೋ ತೆಗೆದಿದ್ದರೆ ಊರಿನ ವಾಟ್ಸ್ಆ್ಯಪ್ ಗುಂಪಿನಿಂದ ಇವತ್ತೇ ಅಳಿಸಿ. ಬೈಕು ನಿಮ್ಮ ಹೊಲ ಹುಡುಕಿಕೊಂಡು ಬಂದದ್ದು ಅಂಥ ದಾರಿಯಿಂದಲೇ ಇರಬಹುದು.

ನಿಮ್ಮ ಅಳಿಯನ ಮನಸ್ಸು ಒಳ್ಳೆಯದು, ಉಪಾಯ ಕೆಟ್ಟದ್ದು. ಹೊಲದಲ್ಲಿ ಕಂಡ ಮಾತ್ರಕ್ಕೆ ಅದು ದಾರಿ ತಪ್ಪಿದ ಪ್ರಾಣಿಯಲ್ಲ. ಹುತ್ತ, ಕುರುಚಲು ಗುಡ್ಡ, ಬದು ಇರುವ ಕಡೆಯೇ ಅದರ ವಾಸ. ಒಂದೇ ಪ್ರಾಣಿಗೆ ಸುತ್ತಮುತ್ತ ಹಲವು ಬಿಲ ಇರುತ್ತವೆ. ಗೊತ್ತಿಲ್ಲದ ಕಾಡಿನಲ್ಲಿ ಬಿಟ್ಟರೆ ಅಡಗಲು ಬಿಲವಿಲ್ಲ, ಯಾವ ಹುತ್ತ ಎಲ್ಲಿದೆ ಎಂಬುದೂ ತಿಳಿದಿಲ್ಲ. ಹಿಡಿದು ಇಟ್ಟುಕೊಂಡ ಕಡೆ ಇದು ಬಾಳುವುದು ಬಹಳ ಕಡಿಮೆ. ಹೆದರಿಕೆಗೇ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಹಲ್ಲೇ ಇಲ್ಲದ ಪ್ರಾಣಿಗೆ ಬಾಳೆಹಣ್ಣು, ಅನ್ನ ಇಡುವವರಿದ್ದಾರೆ. ಅದು ತಿನ್ನುವುದು ಬಹುತೇಕ ಇರುವೆ, ಗೆದ್ದಲು, ಅವುಗಳ ಮೊಟ್ಟೆ. ಹೆಣ್ಣು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮರಿ ಹಾಕಿ, ಬಾಲದ ಬುಡದ ಮೇಲೆ ಹೊತ್ತು ತಿರುಗುತ್ತದೆ. ತಾಯಿಯನ್ನು ಎತ್ತಿಕೊಂಡು ಹೋದರೆ ಬಿಲದಲ್ಲಿ ಮರಿ ಉಳಿದೀತು.

ಕೈ ಹಾಕಬೇಕಾದ ಸಂದರ್ಭ ಕೆಲವೇ: ತೆರೆದ ಬಾವಿಗೆ ಬಿದ್ದಿದ್ದರೆ, ಉರುಳಿಗೆ ಸಿಕ್ಕಿದ್ದರೆ, ನಾಯಿಗಳು ಮುತ್ತಿದ್ದರೆ. ಮೊದಲು 1926ಕ್ಕೆ ಕರೆ ಮಾಡಿ, ನಾಯಿ ಕಟ್ಟಿ, ಜನ ಸೇರದಂತೆ ನೋಡಿ. ಸುತ್ತಿಕೊಂಡ ಉಂಡೆಯನ್ನು ಬಿಡಿಸಲು ಹೋಗಬೇಡಿ, ನೀರು ಸುರಿಯಬೇಡಿ. ಉರುಳಿನ ತಂತಿ ಎಳೆದಷ್ಟೂ ಮಾಂಸಕ್ಕೆ ಇಳಿಯುತ್ತದೆ. ಅದನ್ನು ಕತ್ತರಿಸಿ ಓಡಲು ಬಿಟ್ಟರೆ ಗಾಯ ಒಳಗೇ ಕೊಳೆಯುತ್ತದೆ, ಪಶುವೈದ್ಯರು ನೋಡಲೇಬೇಕು. ಸಿಬ್ಬಂದಿ ಬರುವವರೆಗೆ ಮೇಲೊಂದು ಗೋಣಿತಟ್ಟು ಹೊದಿಸಿ, ನೆರಳು ಮಾಡಿ, ದೂರ ನಿಂತರೆ ಸಾಕು. ಗೋಣಿಚೀಲದೊಳಗೆ ಮಾತ್ರ ತುಂಬಬೇಡಿ: ಉಸಿರು ಕಟ್ಟುತ್ತದೆ, ಇಲ್ಲವೇ ಮುಂಗಾಲಿನ ಉಗುರಿನಿಂದ ಚೀಲ ಸೀಳಿ ಹೊರಬರುತ್ತದೆ.

ಕಾಡುಹಂದಿಗೆಂದು ಹಾಕುವ ಕ್ಲಚ್ ವೈರ್ ಉರುಳು ಹಂದಿ, ಮೊಲ, ಚಿಪ್ಪುಹಂದಿ ಎಂದು ಭೇದ ಮಾಡುವುದಿಲ್ಲ. ಬೇಲಿಗೆ ನೇರ ಕರೆಂಟು ಬಿಡುವುದಂತೂ ಅಪರಾಧ, ಮನುಷ್ಯರೇ ಸತ್ತಿದ್ದಾರೆ. ಸೋಲಾರ್ ಬೇಲಿಯಲ್ಲೂ ಒಂದು ಎಚ್ಚರ ಬೇಕು. ಬೇರೆ ಪ್ರಾಣಿ ಶಾಕ್ ಹೊಡೆದರೆ ಹಿಂದೆ ನೆಗೆಯುತ್ತದೆ, ಇದು ತಂತಿಯನ್ನೇ ಒಳಗಿಟ್ಟುಕೊಂಡು ಉಂಡೆಯಾಗುತ್ತದೆ. ಮತ್ತೆ ಶಾಕ್, ಮತ್ತೆ ಬಿಗಿ, ಸಾಯುವವರೆಗೂ. ದಕ್ಷಿಣ ಆಫ್ರಿಕಾದ ಬೇಲಿಗಳಲ್ಲಿ ಅಲ್ಲಿಯ ಚಿಪ್ಪುಹಂದಿಗಳು ಹೀಗೆ ಸತ್ತದ್ದು ದಾಖಲಾಗಿದೆ. ಕೆಳಗಿನ ತಂತಿ ನೆಲದಿಂದ ಒಂದಡಿಗಿಂತ ಮೇಲಿರಲಿ.

ಇನ್ನು ಪಕ್ಕದ ಹೊಲದವರ ದೂರು. ಬೆಳೆಯನ್ನು ಅದು ಮುಟ್ಟುವುದಿಲ್ಲ. ಬಿತ್ತನೆ ಕಬ್ಬಿನ ತುಂಡು ತಿನ್ನುವ ಗೆದ್ದಲೇ ಅದರ ಊಟ, ಆದರೆ ಒಂದು ಚಿಪ್ಪುಹಂದಿಯಿಂದ ಗೆದ್ದಲು ತೀರುತ್ತದೆ ಎಂದು ಹೇಳಿದರೆ ಉತ್ಪ್ರೇಕ್ಷೆ. ಬದು ಕೊರೆಯುವುದು ನಿಜ. ಗೆದ್ದಲಿಗೆ ತೋಡಿದ ಗುಂಡಿ ಮೋಟು, ಒಳಗೆ ಕೈ ಹಾಕದೆಯೂ ಕೊನೆ ಕಾಣುತ್ತದೆ. ಅದನ್ನು ಇವತ್ತೇ ಮುಚ್ಚಬಹುದು. ವಾಸದ ಬಿಲ ಆಳ, ಬಾಯಲ್ಲಿ ಹೊಸ ಮಣ್ಣಿನ ಗುಪ್ಪೆ. ಒಳಗಿದ್ದಾಗ ಸಡಿಲ ಮಣ್ಣಿನಿಂದ ಬಾಗಿಲು ಹಾಕಿಕೊಳ್ಳುವ ಅಭ್ಯಾಸವೂ ಇದಕ್ಕಿದೆ, ಹಾಗಾಗಿ ಮುಚ್ಚಿದ ಬಿಲ ಖಾಲಿ ಎಂದುಕೊಳ್ಳಬೇಡಿ. ಬಾಯಲ್ಲಿ ಮುಳ್ಳು, ಕಡಿದ ಮೂಳೆ ಬಿದ್ದಿದ್ದರೆ ಅದು ಮುಳ್ಳುಹಂದಿಯದು.

ಹೊಗೆ ಹಾಕಿದರೆ ಅದು ಒಳಗೇ ಉಸಿರುಕಟ್ಟಿ ಸಾಯಬಹುದು. ನೀರು ಹರಿಯುವ ಬದುವಾದರೆ ಹೀಗೆ ಮಾಡಿ: ಸಂಜೆ ಬಿಲದ ಬಾಯಿಗೆ ಅಡ್ಡಲಾಗಿ ಎರಡು ಒಣಕಡ್ಡಿ ಊರಿ, ಮುಂದೆ ಒಂದು ಮೊರದಷ್ಟು ಜಾಗಕ್ಕೆ ಜರಡಿ ಹಿಡಿದ ಮಣ್ಣು ಎರಚಿ. ಬೆಳಿಗ್ಗೆ ನೋಡಿ. ಕಡ್ಡಿ ಬಿದ್ದಿದ್ದರೆ, ಮಣ್ಣಿನಲ್ಲಿ ಬಾಲ ಎಳೆದ ಗೀರು ಇದ್ದರೆ ಅದು ಇನ್ನೂ ಅಲ್ಲೇ ಇದೆ. ಆ ಸಾಲಿಗೆ ನೀರು ಬಿಡದೆ ಪಕ್ಕದ ಸಾಲಿನಿಂದ ಹಾಯಿಸಿ. ಸತತ ಎರಡು ವಾರ ಕಡ್ಡಿ ಅಲುಗದಿದ್ದರೆ ಮಣ್ಣು ತುಂಬಿ ತುಳಿದು ಬದು ಕಟ್ಟಿಕೊಳ್ಳಿ.